ಪರದೆಯ ಕೊನೆಯಲ್ಲಿ ಓಡಿಹೋಗುವ ಹೆಸರುಗಳು

ಕ್ರಿಸ್ಟೋಫರ್ ನೋಲನ್ ಅವರ ‘ಇಂಟರ್‌ಸ್ಟೆಲ್ಲಾರ್’ ಮೊದಲ ಸಲ ತೆರೆಕಂಡದ್ದು 2014ರ ನವೆಂಬರಿನಲ್ಲಿ. ಆಗ ನಾನು ಏಳನೇ ಕ್ಲಾಸು. ರಾಣೆಬೆನ್ನೂರು ಕಡೆಯ ನಮ್ಮ ಹಳ್ಳಿಗೆ ಅಂಥದ್ದೊಂದು ಸಿನಿಮಾ ಬಂದಿದೆ ಎನ್ನುವ ಸುದ್ದಿಯೂ ತಲುಪಿರಲಿಲ್ಲ. 2025ರ ಫೆಬ್ರುವರಿ 7ರಂದು ಅದೇ ಸಿನಿಮಾ ಭಾರತದ ಐಮ್ಯಾಕ್ಸ್ ಪರದೆಗಳಲ್ಲಿ ಮತ್ತೆ ಬಿಡುಗಡೆಯಾಯಿತು. ಆ ವೇಳೆಗೆ ನಾನು ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಪಿಜಿಯೊಂದರಲ್ಲಿ ಕುಳಿತು ದಿನಕ್ಕೆ ಹತ್ತು ಕಂಪನಿಗೆ ಬಯೋಡೇಟಾ ಕಳಿಸುತ್ತಿದ್ದೆ. ಅದೇ ವಾರ ಸಂಬಂಧಿಕರ ಗೃಹಪ್ರವೇಶಕ್ಕೆಂದು ಅಪ್ಪ, ಅವ್ವ, ತಮ್ಮ ಬಂದರು. ದ್ವಿತೀಯ ಪಿಯುಸಿ ಪರೀಕ್ಷೆ ಮೂರು ವಾರ ದೂರವಿದ್ದರೂ ತಮ್ಮ ಹಟ ಹಿಡಿದ. ನಾಲ್ವರೂ ಹೊರಟೆವು.

ನಾಲ್ಕು ಟಿಕೆಟ್‌ಗೆ 2,800 ರೂಪಾಯಿ. ಆ ಸಾಲಿನಲ್ಲಿ ಸರ್ಕಾರ ಗೋವಿನಜೋಳಕ್ಕೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 2,225 ರೂಪಾಯಿ. ಲೆಕ್ಕ ಹಾಕಿದ್ದು ಅಪ್ಪ, ನಾನಲ್ಲ. ಮರುತಿಂಗಳೇ ರಾಜ್ಯ ಬಜೆಟ್‌ನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುವ ಘೋಷಣೆ ಬಂತು. ಸೆಪ್ಟೆಂಬರಿನಲ್ಲಿ ಅದು ನಿಯಮವೂ ಆಯಿತು, ಅದೇ ತಿಂಗಳು ಹೈಕೋರ್ಟಿನಿಂದ ತಡೆಯೂ ಬಂತು. ಆ ಚರ್ಚೆ ಇಲ್ಲಿ ಬೇಡ. ನಾನು ಹೇಳಬೇಕೆಂದಿರುವುದು ಟಿಕೆಟ್ ಕೊಂಡವರ ಬಗ್ಗೆಗಿಂತ ಆ ದೃಶ್ಯಗಳನ್ನು ಮಾಡಿದವರ ಬಗ್ಗೆ.

ಆದರೂ ಸಿನಿಮಾದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಶುರುವಾಗುವುದೇ ಗೋವಿನಜೋಳದ ಹೊಲದಲ್ಲಿ. ಭೂಮಿಯ ಒಂದೊಂದೇ ಬೆಳೆ ರೋಗಕ್ಕೆ ಬಲಿಯಾಗಿ, ಕೊನೆಗೆ ಉಳಿದಿರುವುದು ಗೋವಿನಜೋಳ ಮಾತ್ರ. ಅದಕ್ಕಾಗಿ ನೋಲನ್ ಕೆನಡಾದ ಕ್ಯಾಲ್ಗರಿ ಬಳಿ ಸುಮಾರು 500 ಎಕರೆಯಲ್ಲಿ ನಿಜವಾಗಿಯೇ ಬೆಳೆ ಬೆಳೆಸಿದ್ದರು. ‘ಲದ್ದಿ ಹುಳ ಬಂದಾಗ ನಮ್ಮದೂ ಹಿಂಗ ಆಗಿತ್ತಲ್ಲೋ’ ಎಂದು ಅಪ್ಪ ತಮ್ಮನ ಕಿವಿಯಲ್ಲಿ ಹೇಳಿದರು. 2018ರಲ್ಲಿ ಅಮೆರಿಕ ಮೂಲದ ಆ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡಿದ್ದೇ ನಮ್ಮ ಕರ್ನಾಟಕದಲ್ಲಿ. ಮುಂದೆ ಶಾಲೆಯೊಂದರ ದೃಶ್ಯ ಬರುತ್ತದೆ. ನಾಯಕನ ಮಗನಿಗೆ ಕಾಲೇಜು ಸೀಟಿಲ್ಲ, ಅವನು ರೈತನಾಗಬೇಕು, ಜಗತ್ತಿಗೆ ಈಗ ಬೇಕಿರುವುದು ಎಂಜಿನಿಯರುಗಳಲ್ಲ ಎಂದು ಮಾಸ್ತರು ಹೇಳುತ್ತಾರೆ. ನಾನು ಅನುವಾದ ಮಾಡಿ ಹೇಳಿದಾಗ ಅಪ್ಪ ಜೋರಾಗಿ ನಕ್ಕರು. ಎಂಜಿನಿಯರಿಂಗ್ ಓದಿಸಿ ಕೆಲಸಕ್ಕೆ ಕಾಯುತ್ತಿರುವ ಮನೆಯವರಿಗೆ ಅದು ನಗುವ ಮಾತೇ.

ಅವ್ವನಿಗೆ ಇಂಗ್ಲಿಷ್ ಬಾರದು. ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಉರುಳುತ್ತದೆ ಎನ್ನುವುದನ್ನು ಪಿಸುಮಾತಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ಆದರೆ ನಾಯಕ ಅಲ್ಲಿಂದ ಹಿಂದಿರುಗಿ, ಅಷ್ಟರಲ್ಲಿ 23 ವರ್ಷ ಕಳೆದುಹೋಗಿರುವುದು ತಿಳಿದು, ಮಕ್ಕಳು ಕಳಿಸಿದ ವಿಡಿಯೊ ಸಂದೇಶಗಳನ್ನು ಒಂದರ ಹಿಂದೊಂದು ನೋಡುವ ದೃಶ್ಯಕ್ಕೆ ಅನುವಾದ ಬೇಕಾಗಲಿಲ್ಲ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ಇಂಥ ಸಿನಿಮಾಗಳು ಕನ್ನಡದಲ್ಲೂ ಬರಬೇಕು ಎನ್ನುವವರ ಪಕ್ಷಕ್ಕೆ ನಾನು ಅಂದೇ ಸೇರಿದೆ.

ಇನ್ನು ಆ ಕಪ್ಪುಕುಳಿ. ಸಿನಿಮಾದಲ್ಲಿ ಅದರ ಹೆಸರು ಗಾರ್ಗಾಂಟುವಾ. ಅದು ಚಿತ್ರಕಾರನ ಕಲ್ಪನೆಯಷ್ಟೇ ಅಲ್ಲ. ಭೌತವಿಜ್ಞಾನಿ ಕಿಪ್ ಥಾರ್ನ್ ಸಮೀಕರಣಗಳನ್ನು ಬರೆದುಕೊಟ್ಟರು, ಲಂಡನ್ನಿನ ‘ಡಬಲ್ ನೆಗೆಟಿವ್’ ಸ್ಟುಡಿಯೊದವರು ಅದಕ್ಕೆಂದೇ ಹೊಸ ಸಾಫ್ಟ್‌ವೇರ್ ಬರೆದರು. ಕೆಲವು ಫ್ರೇಮುಗಳಿಗೆ ಒಂದೊಂದಕ್ಕೇ 100 ಗಂಟೆಯವರೆಗೆ ಕಂಪ್ಯೂಟರ್ ಓಡಿದೆ. ಒಂದು ಸೆಕೆಂಡಿನ ಸಿನಿಮಾಕ್ಕೆ 24 ಫ್ರೇಮು ಬೇಕು ಎಂಬುದನ್ನು ನೆನಪಿಟ್ಟುಕೊಳ್ಳಿ. ಆ ಕೆಲಸದಿಂದ 2015ರಲ್ಲಿ ಒಂದು ಸಂಶೋಧನಾ ಪ್ರಬಂಧವೂ ಹೊರಬಂತು. ಅಂದಹಾಗೆ, ಕಪ್ಪುಕುಳಿಗಳು ಘಂಟೆಯಂತೆ ‘ಮೊಳಗುತ್ತವೆ’ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ನಗರದ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿದ್ದ ನಮಗೆ ಯಾರೂ ಇದನ್ನು ಹೇಳಿರಲಿಲ್ಲ.

ಸಿನಿಮಾ ಮುಗಿದ ಮೇಲೆ ಜನ ಎದ್ದರು, ತಮ್ಮ ಏಳಲಿಲ್ಲ. ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು, ನೂರಾರು. ‘ನಾನೂ ಇದನ್ನ ಮಾಡ್ತೀನಿ’ ಎಂದ. ನಗರದಲ್ಲಿ ಎಲ್ಲಿ ನೋಡಿದರೂ ಇರುವ ಆನಿಮೇಷನ್–ವಿಎಫ್‌ಎಕ್ಸ್ ತರಬೇತಿ ಸಂಸ್ಥೆಗಳ ಜಾಹೀರಾತು ಅವನ ಫೋನಿನಲ್ಲೂ ಬರುತ್ತಿತ್ತು. ಒಂದಕ್ಕೆ ಫೋನ್ ಮಾಡಿ ವಿಚಾರಿಸಿದ್ದನಂತೆ ಕೂಡ. ಶುಲ್ಕ ಮೂರೂವರೆ ಲಕ್ಷ, ಕಂತಿನಲ್ಲಿ ಕಟ್ಟಬಹುದು.

ಅವನದು ಹುಚ್ಚು ಕನಸೇನೂ ಅಲ್ಲ. ಡಬಲ್ ನೆಗೆಟಿವ್ 2014ರಲ್ಲೇ ಮುಂಬೈ ಮೂಲದ ಪ್ರೈಮ್ ಫೋಕಸ್ ಗುಂಪಿನೊಂದಿಗೆ ಸೇರಿತು. ಈಗ ಡಿನೆಗ್ ಎಂದು ಕರೆಸಿಕೊಳ್ಳುವ ಅದಕ್ಕೆ ಭಾರತದಲ್ಲಿ ದೊಡ್ಡ ಪಡೆಯೇ ಇದೆ. ಹಾಲಿವುಡ್ಡಿನ ದೊಡ್ಡ ಸಿನಿಮಾಗಳ ಕೊನೆಯಲ್ಲಿ ಸ್ವಲ್ಪ ಕಾದು ಕುಳಿತರೆ ನಮ್ಮ ಕಡೆಯ ಹೆಸರುಗಳು ಸಾಲುಸಾಲಾಗಿ ಕಾಣುತ್ತವೆ. ‘ದಿ ಜಂಗಲ್ ಬುಕ್’, ‘ದಿ ಲಯನ್ ಕಿಂಗ್’ ಚಿತ್ರಗಳ ಪ್ರಾಣಿಗಳಿಗೆ ಜೀವ ಕೊಡುವ ಕೆಲಸದಲ್ಲಿ ಎಂಪಿಸಿ ಸ್ಟುಡಿಯೊದ ಬೆಂಗಳೂರು ಶಾಖೆಯವರ ಪಾಲು ದೊಡ್ಡದು.

ಆ ಎಂಪಿಸಿಯ ಕಥೆಯನ್ನೇ ನೋಡಿ. ಅದರ ಒಡೆತನ ಫ್ರಾನ್ಸಿನ ಟೆಕ್ನಿಕಲರ್ ಗುಂಪಿನದ್ದು. ಟೆಕ್ನಿಕಲರ್ ಎಂದರೆ 1915ರಿಂದ ಸಿನಿಮಾಕ್ಕೆ ಬಣ್ಣ ಕೊಟ್ಟ ಹೆಸರು. 2024ರ ಡಿಸೆಂಬರಿನಲ್ಲಿ ಎಂಪಿಸಿ ಕೆಲಸ ಮಾಡಿದ ‘ಮುಫಾಸ’ ಬಿಡುಗಡೆಯಾಗಿ ಜಗತ್ತಿನಾದ್ಯಂತ 70 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ನಾವು ಇಂಟರ್‌ಸ್ಟೆಲ್ಲಾರ್ ನೋಡಿದ ಅದೇ ಫೆಬ್ರುವರಿಯ ಕೊನೆಯ ವಾರ, ಟೆಕ್ನಿಕಲರ್ ಕುಸಿದುಬಿತ್ತು. ಲಂಡನ್, ಅಮೆರಿಕ, ಕೆನಡಾದ ಜೊತೆಗೆ ಬೆಂಗಳೂರು, ಮುಂಬೈ ಸ್ಟುಡಿಯೊಗಳೂ ಮುಚ್ಚಿದವು. ಭಾರತದಲ್ಲೇ ಸುಮಾರು 3,000 ಮಂದಿ ಕೆಲಸ ಕಳೆದುಕೊಂಡರು. ಅದಾದ ಕೆಲವೇ ದಿನಗಳಲ್ಲಿ, ಮಾರ್ಚ್ 2ರಂದು, ‘ಡ್ಯೂನ್: ಪಾರ್ಟ್ ಟು’ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆಯಿತು. ಅದರ ಕೆಲಸ ಡಿನೆಗ್‌ನದ್ದು. ಒಂದೇ ವಾರದಲ್ಲಿ ಒಂದೇ ಉದ್ಯಮದ ಎರಡು ಮುಖ.

ಇದು ಹೊಸದೂ ಅಲ್ಲ. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಕಂಪನಿ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದಾಗಿ ಎರಡೇ ವಾರಕ್ಕೆ ಅದೇ ಹುಲಿಗೆ ಆಸ್ಕರ್ ಬಂತು. ಹೈದರಾಬಾದ್, ಮುಂಬೈಯಲ್ಲೂ ಆ ಕಂಪನಿಯ ಶಾಖೆಗಳಿದ್ದವು. ವೇದಿಕೆಯ ಮೇಲೆ ಕಂಪನಿಯ ಕಷ್ಟ ಹೇಳಿಕೊಳ್ಳಲು ಹೊರಟ ಕಲಾವಿದನ ಮಾತನ್ನು ಸಂಗೀತ ಹಾಕಿ ಮುಗಿಸಿದರು. ಸಭಾಂಗಣದ ಹೊರಗೆ ನೂರಾರು ಕಲಾವಿದರು ಫಲಕ ಹಿಡಿದು ನಿಂತಿದ್ದರು.

ನೋಡುಗರು ಇಷ್ಟು ದುಡ್ಡು ಕೊಟ್ಟರೂ ಮಾಡಿದವರ ಕಂಪನಿ ಯಾಕೆ ಮುಳುಗುತ್ತದೆ? ನನ್ನ ದೊಡ್ಡಪ್ಪನ ಮಗ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ನಾಲ್ಕು ವರ್ಷ ದುಡಿದವನು. ಮುಚ್ಚಿದ ಆ ಕಂಪನಿಯಲ್ಲ, ಬೇರೆ. ಅವನಿಂದ ತಿಳಿದದ್ದು ಇಷ್ಟು: ಸಿನಿಮಾ ನಿರ್ಮಾಪಕರು ದೃಶ್ಯಗಳನ್ನು ಗುತ್ತಿಗೆಗೆ ಕೊಡುತ್ತಾರೆ. ನಮ್ಮೂರ ಚರಂಡಿ ಕಾಮಗಾರಿಯ ಟೆಂಡರ್ ಇದ್ದಂತೆಯೇ, ಮೊದಲೇ ದರ ನಿಗದಿ. ಆದರೆ ಚರಂಡಿಯ ಅಳತೆ ನಡುವೆ ಬದಲಾಗುವುದಿಲ್ಲ. ಇಲ್ಲಿ ನಿರ್ದೇಶಕರಿಗೆ ಹಿಡಿಸುವವರೆಗೆ ಒಂದೇ ದೃಶ್ಯವನ್ನು ಇಪ್ಪತ್ತು ಸಲ ಬದಲಾಯಿಸಬೇಕು. ಹೆಚ್ಚುವರಿ ಖರ್ಚಿನ ಬಹುಪಾಲು ಸ್ಟುಡಿಯೊ ತಲೆಯ ಮೇಲೆ. ಸಿನಿಮಾ ಕೋಟಿಗಟ್ಟಲೆ ಗಳಿಸಿದರೂ ಅದರಲ್ಲಿ ಸ್ಟುಡಿಯೊಗೆ ಪಾಲಿಲ್ಲ. ಮೇಲಾಗಿ ಯಾವ ದೇಶ ಹೆಚ್ಚು ತೆರಿಗೆ ರಿಯಾಯಿತಿ ಕೊಡುತ್ತದೆಯೋ ಅಲ್ಲಿಗೆ ಕೆಲಸ ಹರಿಯುತ್ತದೆ. ವ್ಯಾಂಕೋವರ್, ಮಾಂಟ್ರಿಯಲ್, ಲಂಡನ್ನುಗಳಲ್ಲಿ ಸ್ಟುಡಿಯೊಗಳು ಗುಂಪುಗೂಡಿದ್ದು ಹೀಗೆ. ನಮ್ಮಲ್ಲಿಗೆ ಬಂದದ್ದು ಕಡಿಮೆ ಸಂಬಳದ ದಾರಿಯಲ್ಲಿ.

ಬಂದ ಕೆಲಸವಾದರೂ ಯಾವುದು? ಗಾರ್ಗಾಂಟುವಾ ಬಿಡಿಸುವುದಲ್ಲ. ಹೊಸಬರಿಗೆ ಸಿಗುವುದು ‘ರೋಟೊ’. ನಟನ ಅಂಚನ್ನು, ಹಾರುವ ಕೂದಲಿನ ಎಳೆಯನ್ನೂ ಬಿಡದೆ, ಒಂದೊಂದೇ ಫ್ರೇಮಿನಲ್ಲಿ ಗೆರೆ ಎಳೆದು ಹಿನ್ನೆಲೆಯಿಂದ ಬೇರ್ಪಡಿಸುವುದು. ಐದು ಸೆಕೆಂಡಿನ ದೃಶ್ಯಕ್ಕೆ 120 ಫ್ರೇಮು. ಅಥವಾ ‘ಪೇಂಟ್’, ಅಂದರೆ ನಟನನ್ನು ತೂಗುಹಾಕಿದ ತಂತಿ ಅಳಿಸುವುದು. ಅಣ್ಣ ತಿಂಗಳಿಗೆ 16 ಸಾವಿರಕ್ಕೆ ಸೇರಿದ್ದ. ನಾಲ್ಕನೇ ವರ್ಷಕ್ಕೆ 34 ಸಾವಿರ ಆಗಿತ್ತು. ‘ಒಳ್ಳೆ ರೋಟೊ ಅಂದ್ರೆ ಯಾರಿಗೂ ಕಾಣಬಾರದು’ ಎನ್ನುತ್ತಿದ್ದ, ಅದರಲ್ಲಿ ಹೆಮ್ಮೆಯೂ ಇತ್ತು. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದರು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಅಲ್ಲಿ ಶೂಟಿಂಗ್ ನಿಂತದ್ದರ ಏಟು ಮರುವರ್ಷ ಇಲ್ಲಿ ಅಣ್ಣನ ಟೇಬಲ್ಲಿಗೆ ಬಿತ್ತು. ಕೆಲಸವಿಲ್ಲ, ಗುತ್ತಿಗೆ ನವೀಕರಣವಿಲ್ಲ ಎಂದು ಹೇಳಿ ಕಳಿಸಿದರು. ಲಾಸ್ ಏಂಜಲೀಸಿನವರಿಗೆ ಸಂಘವಿತ್ತು, ಮುಷ್ಕರ ನಿಧಿಯಿತ್ತು. ಅಣ್ಣನಿಗೆ ಇದ್ದದ್ದು ಬೈಕಿನ ಸಾಲ.

ಕರ್ನಾಟಕ ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು 2012ರಲ್ಲೇ ತಂದ ರಾಜ್ಯ. 2024–29ರ ಹೊಸ ನೀತಿಯಲ್ಲಿ 30,000 ಹೊಸ ಉದ್ಯೋಗಗಳ ಗುರಿ ಇದೆ, ಅದಕ್ಕೆ 150 ಕೋಟಿ ರೂಪಾಯಿಯ ಲೆಕ್ಕವೂ ಇದೆ. ಒಳ್ಳೆಯದೇ. ನನ್ನ ತಕರಾರು ಎಣಿಸುವ ಕ್ರಮದ ಮೇಲೆ. ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಎಣಿಸುವ ಸರ್ಕಾರ, ಎಷ್ಟು ಮಂದಿ ಮೂರು ವರ್ಷದ ಮೇಲೂ ಅದೇ ಕೆಲಸದಲ್ಲಿದ್ದಾರೆ ಎಂದೂ ಎಣಿಸಬೇಕು. ಕಂಪನಿ ರಾತ್ರೋರಾತ್ರಿ ಬಾಗಿಲು ಹಾಕಿದರೆ ಬಾಕಿ ಸಂಬಳ ಯಾರ ಹೊಣೆ ಎಂಬುದು ರಿಯಾಯಿತಿ ಕೊಡುವ ಮೊದಲೇ ಬರೆಸಿಕೊಳ್ಳಬೇಕಾದ ಮಾತು. ಜಾಗ, ವಿದ್ಯುತ್, ಅನುದಾನ ಕೇಳುವಾಗ ಕಂಪನಿಗಳಿಗೆ ಸರ್ಕಾರ ನೆನಪಾಗುತ್ತದೆ. ಮುಚ್ಚುವಾಗಲೂ ನೆನಪಾಗುವಂತೆ ಮಾಡುವುದು ಕಷ್ಟವೇನಲ್ಲ.

ಇದರ ಮೇಲೆ ಎಐ. 2025ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಮುಖ್ಯಸ್ಥರು ತಮ್ಮ ‘ಎಲ್ ಎಟರ್ನಾಟಾ’ ಎಂಬ ಅರ್ಜೆಂಟೀನಾದ ವೈಜ್ಞಾನಿಕ ಸರಣಿಯಲ್ಲಿ ಕಟ್ಟಡ ಕುಸಿಯುವ ದೃಶ್ಯವನ್ನು ಎಐ ಬಳಸಿ, ಹಳೆಯ ವಿಧಾನಕ್ಕಿಂತ ಹತ್ತು ಪಟ್ಟು ಬೇಗ ಮುಗಿಸಿದ್ದಾಗಿ ಹೇಳಿದರು. ಅಂಚು ಕತ್ತರಿಸುವುದು, ತಂತಿ ಅಳಿಸುವುದು, ಅಂದರೆ ನಮ್ಮ ಹುಡುಗರು ಏಣಿ ಹತ್ತುವ ಮೊದಲ ಮೆಟ್ಟಿಲನ್ನೇ ಯಂತ್ರ ಕಲಿಯುತ್ತಿದೆ. ಹಾಗಂತ ಎಲ್ಲ ಮುಗಿಯಿತು ಎನ್ನುವ ಯೂಟ್ಯೂಬ್ ಪಂಡಿತರನ್ನು ನಾನು ನಂಬುವುದಿಲ್ಲ. ಬೆಳಕು ಎಲ್ಲಿಂದ ಬೀಳುತ್ತದೆ, ದೂಳು ಹೇಗೆ ಏಳುತ್ತದೆ, ಹುಲಿ ಹೆಜ್ಜೆ ಊರುವಾಗ ಭುಜ ಹೇಗೆ ಅಲುಗುತ್ತದೆ ಎಂದು ನೋಡಬಲ್ಲ ಕಣ್ಣಿಗೆ ಬೆಲೆ ಇದ್ದೇ ಇರುತ್ತದೆ. ಗಣಿತ, ಭೌತವಿಜ್ಞಾನ ಗೊತ್ತಿದ್ದವರಿಗೆ ಇನ್ನೂ ಹೆಚ್ಚು. ಗಾರ್ಗಾಂಟುವಾ ಹುಟ್ಟಿದ್ದೇ ಸಮೀಕರಣದಿಂದ. ಹೋಗುವುದು ಸಾಫ್ಟ್‌ವೇರಿನ ಬಟನ್ ಒತ್ತಲು ಮಾತ್ರ ಕಲಿಸುವ ಕೋರ್ಸಿನ ಬೆಲೆ. ತೊಂದರೆ ಏನೆಂದರೆ, ಮೂರೂವರೆ ಲಕ್ಷಕ್ಕೆ ಮಾರಾಟವಾಗುತ್ತಿರುವುದು ಹೆಚ್ಚಾಗಿ ಅದೇ.

ಆದ್ದರಿಂದ ಸೇರಬೇಕೆಂದಿರುವ ಗೆಳೆಯರು ದಯವಿಟ್ಟು ಸಂಸ್ಥೆಯ ಗೋಡೆಯ ಮೇಲಿನ ಸೂಪರ್‌ಹೀರೊಗಳನ್ನು ನೋಡಬೇಡಿ. ಹೋದ ವರ್ಷ ಮುಗಿಸಿದ ಇಬ್ಬರ ನಂಬರ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದರೆ ಎಷ್ಟು ತಿಂಗಳ ಗುತ್ತಿಗೆ ಎಂದು ಕೇಳಿ. ನಮ್ಮಪ್ಪ ಕೇಳಿದ್ದು ಇದೇ ಪ್ರಶ್ನೆ. ಬೀಜ ಕೊಳ್ಳುವಾಗ ಮೊಳಕೆ ಪ್ರಮಾಣ ಕೇಳುವ ಮನುಷ್ಯ, ಕೋರ್ಸಿಗೂ ಅದನ್ನೇ ಕೇಳಿದರು. ಆ ಕಡೆಯ ಹುಡುಗಿ ‘ಸರ್, ಮ್ಯಾನೇಜರ್ ಕಾಲ್ ಮಾಡ್ತಾರೆ’ ಎಂದಳು. ಇವತ್ತಿನವರೆಗೆ ಕಾಲ್ ಬಂದಿಲ್ಲ.

ಅಣ್ಣನಿಗೆ ಈಗ ಒಂದು ತೆಲುಗು ಸಿನಿಮಾದ ಕೆಲಸ ಸಿಕ್ಕಿದೆ, ಆರು ತಿಂಗಳಿಗೆ. ತಮ್ಮ ದಾವಣಗೆರೆಯಲ್ಲಿ ಬಿಸಿಎ ಸೇರಿದ್ದಾನೆ. ಸೆಕೆಂಡ್‌ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ರಾತ್ರಿ ಕಲಿಯುತ್ತಾನೆ, ತಪ್ಪಿದ್ದನ್ನು ಅಣ್ಣ ಫೋನಿನಲ್ಲಿ ತಿದ್ದುತ್ತಾನೆ. ಹೋದ ವಾರ ನಮ್ಮೂರ ಬಸ್ ನಿಲ್ದಾಣದ ಮೇಲೆ ಆಕಾಶನೌಕೆಯೊಂದು ಇಳಿಯುವ ಐದು ಸೆಕೆಂಡಿನ ದೃಶ್ಯ ಮಾಡಲು ಕುಳಿತಿದ್ದ. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿ, 92ನೇ ಫ್ರೇಮಿಗೆ ಬರುವಷ್ಟರಲ್ಲಿ ಕರೆಂಟ್ ಹೋಯಿತಂತೆ. ಬ್ಯಾಟರಿ ಎಂದೋ ಸತ್ತಿದೆ. ಉಳಿದ 28 ಫ್ರೇಮುಗಳನ್ನು ಭಾನುವಾರ ಕಾಲೇಜಿನ ಗೆಳೆಯನ ಕಂಪ್ಯೂಟರಿನಲ್ಲಿ ಹಾಕುತ್ತಾನಂತೆ.