ನಾಬೋತನ ತೋಟವೂ ಗೋವೆಯ ಗದ್ದೆಗಳೂ

ಕಾನೂನಿನ ಪುಸ್ತಕಗಳಲ್ಲಿ ಕೆಲವು ಪದಗಳು ಬಹಳ ಸಾಧುವಾಗಿ ಕಾಣುತ್ತವೆ. ‘ಅಚಾತುರ್ಯದಿಂದ ಉಂಟಾದ ತಪ್ಪು’ ಎಂಬುದು ಅಂಥದೊಂದು. ತಪ್ಪಾಗಿದ್ದರೆ ತಿದ್ದಬೇಕು, ಅದರಲ್ಲಿ ತಕರಾರೇನು? ಗೋವೆಯ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 2023ರಲ್ಲಿ 17(2) ಎಂಬ ಉಪಕಲಮನ್ನು ಸೇರಿಸಿದಾಗ ಅಲ್ಲಿನ ಸರ್ಕಾರ ಕೊಟ್ಟ ಕಾರಣ ಇದೇ. ಪ್ರಾದೇಶಿಕ ಯೋಜನೆಯ ನಕ್ಷೆಯಲ್ಲಿ ಅಚಾತುರ್ಯದಿಂದ ತಪ್ಪುಗಳು ನುಸುಳಿವೆ, ವಾಸದ ವಲಯವಾಗಬೇಕಾದ ನೆಲವನ್ನು ಗದ್ದೆಯೆಂದೋ ತೋಟವೆಂದೋ ಗುರುತಿಸಲಾಗಿದೆ, ಆದುದರಿಂದ ಭೂಮಾಲಿಕನು ಅರ್ಜಿ ಹಾಕಿದರೆ ಪರಿಶೀಲಿಸಿ ತಿದ್ದಬಹುದು. ಇಷ್ಟೇ. ಆದರೆ ಎರಡು ವರ್ಷಗಳಲ್ಲಿ ಹೀಗೆ ತಿದ್ದುಪಡಿಯಾದ ನೆಲ ಲಕ್ಷಗಟ್ಟಲೆ ಚದರ ಮೀಟರ್ ಆಯಿತು. ಅಚಾತುರ್ಯವು ಇಷ್ಟೊಂದು ವಿಸ್ತಾರವಾಗಿರಲು ಸಾಧ್ಯವೇ ಎಂದು ಜನ ಕೇಳಿದರು. ಬಾಂಬೆ ಹೈಕೋರ್ಟಿನ ಗೋವಾ ಪೀಠವು 2025ರ ಮಾರ್ಚ್ 13ರಂದು ಈ ಉಪಕಲಮಿನಡಿ ರಚಿಸಿದ ನಿಯಮಗಳನ್ನೂ ಮಾರ್ಗಸೂಚಿಗಳನ್ನೂ ರದ್ದುಪಡಿಸಿತು. ಉಪಕಲಮು ಉಳಿಯಿತಾದರೂ ಅದರ ಕೈ ಮೊಟಕಾಯಿತು.

ಗೋವೆಯ ವಿಷಯ ನಮಗೇಕೆ ಎಂದು ಓದುಗ ಬಾಂಧವರು ಕೇಳಲಾರರು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತ ಮನೆತನಗಳ ಹಿರಿಯರು ಶತಮಾನಗಳ ಹಿಂದೆ ಹೊರಟು ಬಂದ ನೆಲ ಅದು. ಅಲ್ಲದೆ ಗೋವೆಯ ಖಜಾನ್ ಗದ್ದೆಗಳಿಗೂ ನಮ್ಮ ಅಘನಾಶಿನಿಯ ಗಜನಿ ಗದ್ದೆಗಳಿಗೂ ಒಂದೇ ಕುಲ. ಉಪ್ಪುನೀರಿಗೆ ಕಟ್ಟ ಹಾಕಿ, ತೂಬಿನ ಬಾಗಿಲಿನಿಂದ ಭರತ ಇಳಿತಗಳನ್ನು ಹದ್ದುಬಸ್ತಿನಲ್ಲಿಟ್ಟು, ಅದೇ ಗದ್ದೆಯಲ್ಲಿ ಒಂದು ಕಾಲಕ್ಕೆ ಭತ್ತ, ಮತ್ತೊಂದು ಕಾಲಕ್ಕೆ ಮೀನು ಸಿಗಡಿ. ಈ ವ್ಯವಸ್ಥೆ ಪೋರ್ಚುಗೀಸರು ಬರುವುದಕ್ಕೂ ಹಿಂದಿನದು. ಒಂದು ಮನೆಯವರು ತಮ್ಮ ಪಾಲಿನ ಕಟ್ಟವನ್ನು ಕೆಡಿಸಿದರೆ ಇಡೀ ಬಯಲಿಗೆ ಉಪ್ಪುನೀರು ನುಗ್ಗುತ್ತದೆ. ಆದುದರಿಂದ ಅಲ್ಲಿ ‘ನನ್ನ ಗದ್ದೆ, ನನ್ನ ಇಷ್ಟ’ ಎಂಬ ಮಾತು ಯಾವ ಕಾಲಕ್ಕೂ ಪೂರ್ತಿ ಸತ್ಯವಾಗಿರಲಿಲ್ಲ. ಊರಿನ ಗಾಂವ್ಕಾರರು, ಅನಂತರ ಕೊಮುನಿದಾದ್ ಎಂಬ ಸಂಸ್ಥೆ, ಕಟ್ಟದ ಉಸ್ತುವಾರಿಯನ್ನು ಊರಿನ ಕೆಲಸವೆಂದೇ ನಡೆಸಿಕೊಂಡು ಬಂದರು.

ಗೋವೆಯಲ್ಲಿ ಈ ಜಗಳ ನಿನ್ನೆಯದಲ್ಲ. 2006ರ ಆಗಸ್ಟಿನಲ್ಲಿ ‘ಪ್ರಾದೇಶಿಕ ಯೋಜನೆ 2011’ ಪ್ರಕಟವಾಯಿತು. ಗುಡ್ಡ, ತೋಟ, ಗದ್ದೆಗಳ ದೊಡ್ಡ ದೊಡ್ಡ ತುಣುಕುಗಳು ಅದರ ನಕ್ಷೆಯಲ್ಲಿ ವಾಸದ ವಲಯದ ಬಣ್ಣ ಪಡೆದಿದ್ದವು. ಜನರು ನಕ್ಷೆಯನ್ನು ಬಿಡಿಸಿ ತಮ್ಮ ತಮ್ಮ ಊರನ್ನು ಹುಡುಕತೊಡಗಿದಾಗ ಗಲಾಟೆ ಶುರುವಾಯಿತು. ಅದೇ ಡಿಸೆಂಬರಿನಲ್ಲಿ ‘ಗೋವಾ ಬಚಾವೊ ಅಭಿಯಾನ’ ಹುಟ್ಟಿಕೊಂಡಿತು. ವೈದ್ಯರು, ವಾಸ್ತುಶಿಲ್ಪಿಗಳು, ರೈತರು, ಮನೆವಾರ್ತೆಯ ತಾಯಂದಿರು ಪಣಜಿಯ ಆಜಾದ್ ಮೈದಾನದಲ್ಲಿ ಸೇರಿದರು. ಮಹಾಧರ್ಮಪ್ರಾಂತ್ಯದ ಸಾಮಾಜಿಕ ನ್ಯಾಯ ಮತ್ತು ಶಾಂತಿ ಮಂಡಳಿಯೂ ದನಿಗೂಡಿಸಿತು. 2007ರ ಆರಂಭದಲ್ಲೇ ಸರ್ಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು. ಮುಂದಿನ ಯೋಜನೆಯ ಸಿದ್ಧತೆಯಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರ ನೇತೃತ್ವವಿತ್ತು. ಗ್ರಾಮಗಳ ನಕ್ಷೆಗಳು ಪಂಚಾಯತುಗಳಿಗೆ ಹೋಗಿ ಊರಿನವರ ಅಭಿಪ್ರಾಯ ಹೊತ್ತು ಬಂದವು. ಇಂಥ ಕಷ್ಟದ ಹೆರಿಗೆಯಿಂದ ಹುಟ್ಟಿದ ‘ಯೋಜನೆ 2021’ರಲ್ಲೇ ಈಗ ಅಚಾತುರ್ಯದ ತಪ್ಪುಗಳು ಕಂಡುಬಂದಿರುವುದು.

ಸರ್ಕಾರ ಮತ್ತು ಶ್ರೀಮಂತ ಬಿಲ್ಡರುಗಳ ನಡುವಿನ ವ್ಯಾಜ್ಯವೆಂದರೆ ಇಬ್ಬರ ಜಗಳವೆಂದು ನಾವು ತಿಳಿಯುತ್ತೇವೆ. ಅದೇ ಗೋವೆಯ ಇನ್ನೊಂದು ಪ್ರಕರಣವನ್ನು ನೋಡಿ. ವಿಶೇಷ ಆರ್ಥಿಕ ವಲಯಗಳಿಗೆಂದು ಸರ್ಕಾರದ ಕೈಗಾರಿಕಾ ನಿಗಮವೇ ಸುಮಾರು 38 ಲಕ್ಷ ಚದರ ಮೀಟರ್ ನೆಲವನ್ನು ಕಂಪನಿಗಳಿಗೆ ಹಂಚಿತು. ಜನರ ವಿರೋಧ ಬಲವಾದಾಗ, 2007ರ ಡಿಸೆಂಬರ್ ಕೊನೆಯ ದಿನ, ಮುಖ್ಯಮಂತ್ರಿಗಳು ಈ ವಲಯಗಳೇ ಬೇಡವೆಂದು ಘೋಷಿಸಿದರು. ಕರೆದು ಮಣೆ ಹಾಕಿದವರೇ ಎದ್ದು ಹೋಗೆಂದಾಗ ಕಂಪನಿಗಳು ನ್ಯಾಯಾಲಯಕ್ಕೆ ಹೋದದ್ದು ಸಹಜ. 2010ರಲ್ಲಿ ಹೈಕೋರ್ಟು ಆ ಹಂಚಿಕೆಯ ಕ್ರಮವೇ ಸರಿಯಿಲ್ಲವೆಂದು ಅದನ್ನು ಅಸಿಂಧುಗೊಳಿಸಿತು. ವ್ಯಾಜ್ಯ ದಿಲ್ಲಿಗೆ ಹೋಯಿತು. 2018ರಲ್ಲಿ ರಾಜಿಯಾಗಿ ನೆಲ ಮರಳಿತು; ಆದರೆ ಕಂಪನಿಗಳು ಕಟ್ಟಿದ್ದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಲು ಸರ್ಕಾರ ಒಪ್ಪಿದ ಮೊತ್ತ 250 ಕೋಟಿ ರೂಪಾಯಿಗೂ ಹೆಚ್ಚು. ಈ ಬಡ್ಡಿಯನ್ನು ತೆತ್ತವರು ಯಾರು? ಹಂಚಿಕೆಗೆ ಸಹಿ ಹಾಕಿದವರಲ್ಲ. ಹಂಚಿಕೆಯ ಕಾಲಕ್ಕೆ ಯಾರೂ ಅಭಿಪ್ರಾಯ ಕೇಳದಿದ್ದ ಜನರು. ಇಂಥ ವ್ಯಾಜ್ಯಗಳಲ್ಲಿ ಮೂರನೆಯ ಕಕ್ಷಿದಾರನೊಬ್ಬ ಯಾವಾಗಲೂ ಇರುತ್ತಾನೆ. ವಕಾಲತ್ತಿನಲ್ಲಿ ಅವನ ಹೆಸರಿರುವುದಿಲ್ಲ, ಬಿಲ್ಲಿನಲ್ಲಿ ಇರುತ್ತದೆ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಕಾನೂನಿನ ವ್ಯಾಖ್ಯೆಯನ್ನು ನಮ್ಮಿಂದ ಬಾಯಿಪಾಠ ಮಾಡಿಸುತ್ತಿದ್ದರು. ಆಗ ಅದೊಂದು ಒಣ ಸೂತ್ರವೆನಿಸುತ್ತಿತ್ತು. ಕಾನೂನೆಂದರೆ ವಿವೇಕದ ವಿಧಿ. ಅದರ ಗುರಿ ಸರ್ವರ ಹಿತ. ಸಮುದಾಯದ ಹೊಣೆ ಹೊತ್ತವನೇ ಅದನ್ನು ಮಾಡಬೇಕು. ಮಾಡಿದ್ದನ್ನು ಬಹಿರಂಗವಾಗಿ ಸಾರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಾನೂನು ಕುಂಟುತ್ತದೆ. ವರ್ಷಗಳ ಅನಂತರ, ಸರ್ವೆ ನಂಬರೊಂದರ ವಲಯ ಬದಲಾವಣೆಯ ಆದೇಶವನ್ನು ಕೈಯಲ್ಲಿ ಹಿಡಿದು ಓದುವಾಗ ನನಗೆ ಆ ಸೂತ್ರ ನೆನಪಾಯಿತು. ಇಡೀ ನಾಡಿಗೆ ಒಂದು ನಕ್ಷೆಯನ್ನು ಎಲ್ಲರ ಮುಂದಿಟ್ಟು, ಆಕ್ಷೇಪಣೆ ಕೇಳಿ ಸ್ಥಿರಪಡಿಸಿದರೆ ಅದು ಕಾನೂನು. ಆ ನಕ್ಷೆಯ ಒಂದು ಚೌಕವನ್ನು ಒಬ್ಬನ ಅರ್ಜಿಯ ಮೇಲೆ ಅವನಿಗಾಗಿಯೇ ಬದಲಿಸಿದರೆ? ಮುದ್ರೆ ಅದೇ, ಸಹಿ ಅದೇ, ರಾಜ್ಯಪತ್ರವೂ ಅದೇ. ಆದರೂ ಅದು ಕಾನೂನಲ್ಲ, ಕೃಪೆ. ವ್ಯಕ್ತಿಯೊಬ್ಬನನ್ನು ಕುರಿತೇ ಮಾಡುವ ಶಾಸನವನ್ನು ಪ್ರಾಚೀನ ರೋಮನರ ಹನ್ನೆರಡು ಫಲಕಗಳ ಕಾನೂನು ನಿಷೇಧಿಸಿತ್ತೆಂದು ಸಿಸೆರೊ ಬರೆದಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆ ಅನ್ಯಮತೀಯರಿಗೆ ತಿಳಿದಿದ್ದುದು ನಮ್ಮ ಶಾಸಕರಿಗೆ ತಿಳಿಯದೆಂದು ನಾನು ನಂಬಲಾರೆ.

ಈ ಕೃಪೆಗೆ ಬೆಲೆಯೂ ಇದೆ. ಬೆಳಿಗ್ಗೆ ಗದ್ದೆಯಾಗಿದ್ದ ನೆಲ ಸಂಜೆ ನಿವೇಶನವಾದರೆ ಅದರ ಮೌಲ್ಯ ಹಲವು ಪಟ್ಟು ಏರುತ್ತದೆ. ಮಣ್ಣು ಅದೇ, ಮಳೆ ಅದೇ. ಮಾಲಿಕ ಒಂದು ಕಲ್ಲನ್ನೂ ಎತ್ತಿಡಲಿಲ್ಲ. ಹಾಗಾದರೆ ಏರಿದ ಮೌಲ್ಯವನ್ನು ಸೃಷ್ಟಿಸಿದವರು ಯಾರು? ಊರಿನ ರಸ್ತೆ, ಶಾಲೆ, ನೀರಿನ ಕೊಳವೆ, ಹಾಗೂ ಊರಿನ ಹೆಸರಿನಲ್ಲಿ ಸರ್ಕಾರ ಚಲಾಯಿಸಿದ ಅಧಿಕಾರ. 1979ರಲ್ಲಿ ಮೆಕ್ಸಿಕೊದ ಪುಯೆಬ್ಲಾದಲ್ಲಿ ಎರಡನೆಯ ಜಾನ್ ಪೌಲರು ಖಾಸಗಿ ಆಸ್ತಿಯ ಮೇಲೆ ಒಂದು ಸಾಮಾಜಿಕ ಅಡಮಾನವಿದೆ ಎಂದರು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಆ ಬೋಧನೆಯನ್ನು ಪುನಃ ಎತ್ತಿಕೊಂಡರು. ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರದಲ್ಲಿ ಈ ಅಡಮಾನ ಕಾಣಿಸುವುದಿಲ್ಲ. ಆದುದರಿಂದ ಅದು ತೀರಿದೆಯೆಂದು ನಾವು ಭಾವಿಸುತ್ತೇವೆ.

ಎದುರು ಪಕ್ಷದ ಮಾತನ್ನೂ ಹೇಳಬೇಕು. ನಕ್ಷೆ ಬರೆಯುವವರು ದೇವದೂತರಲ್ಲ. ನಿಜವಾಗಿಯೂ ಮನೆಯಿದ್ದ ಕಡೆ ಗದ್ದೆಯೆಂದು ಬಣ್ಣ ಬಳಿದು, ಬಡವನೊಬ್ಬನು ಮಾಡಿನ ಹಂಚು ಬದಲಿಸುವುದಕ್ಕೂ ಅಲೆದಾಡಿದ ಉದಾಹರಣೆಗಳಿರುತ್ತವೆ. ಜನಸಂಖ್ಯೆ ಬೆಳೆದಂತೆ ಮನೆಗಳು ಬೇಕು. ಮನೆ ಕಟ್ಟುವವನೇ ಪಾಪಿಯೆಂದು ಸಾರುವ ಬೋಧನೆ ನನ್ನದಲ್ಲ. ಆದರೆ ಬಡವನ ಹಂಚಿನ ಮಾಡಿಗೆಂದು ತೆರೆದ ಬಾಗಿಲಿನಿಂದ ಮೊದಲು ಒಳಗೆ ಹೋಗುವವರು ಯಾರು ಎಂಬುದನ್ನು ಗಮನಿಸಬೇಕು.

ಹಳೆಯ ಒಡಂಬಡಿಕೆಯ ಅರಸುಗಳ ಮೊದಲನೆಯ ಗ್ರಂಥದಲ್ಲಿ ನಾಬೋತನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅರಸ ಅಹಾಬನು ಆರಂಭದಲ್ಲಿ ದರೋಡೆಕೋರನಾಗಿರಲಿಲ್ಲ. ಅರಮನೆಯ ಪಕ್ಕದ ತೋಟ ತರಕಾರಿ ಬೆಳೆಯಲು ಬೇಕೆಂದು ಕೇಳಿದ. ಬದಲಿಗೆ ಉತ್ತಮವಾದ ತೋಟವನ್ನೋ ನ್ಯಾಯವಾದ ಹಣವನ್ನೋ ಕೊಡಲು ಮುಂದಾದ. ಇಂದಿನ ಲೆಕ್ಕದಲ್ಲಿ ಒಳ್ಳೆಯ ಗಿರಾಕಿ! ನಾಬೋತನು ಪಿತ್ರಾರ್ಜಿತವೆಂದು ನಿರಾಕರಿಸಿದಾಗ ರಾಣಿ ಈಜೆಬೆಲಳು ಸೈನಿಕರನ್ನು ಕಳುಹಿಸಲಿಲ್ಲ. ಅರಸನ ಹೆಸರಿನಲ್ಲಿ ಪತ್ರ ಬರೆದು, ಅರಸನ ಮುದ್ರೆಯನ್ನೊತ್ತಿ, ಊರಿನ ಹಿರಿಯರನ್ನು ಸಭೆ ಸೇರಿಸಿ, ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿದಳು. ಎಲ್ಲವೂ ಕ್ರಮಬದ್ಧ. ಕಡತದಲ್ಲಿ ಒಂದು ಕಾಗದವೂ ಕಡಿಮೆಯಿರಲಿಲ್ಲ. ಕೊಳ್ಳುವವನೂ ಮುದ್ರೆ ಒತ್ತುವವನೂ ಒಂದೇ ಮೇಜಿನಲ್ಲಿ ಕುಳಿತಾಗ ಆಗುವುದು ಇದು.

ನಮ್ಮ ರಾಜ್ಯದ ಒಂದು ಪ್ರಕರಣವನ್ನು ಕಾನೂನು ಓದುವ ನಮ್ಮ ಯುವಕ ಯುವತಿಯರು ತಪ್ಪದೆ ಓದಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಕೊಡಲಾಯಿತು. ಆಸ್ಪತ್ರೆಯೂ ಒಳ್ಳೆಯ ಕೆಲಸವಲ್ಲವೇ ಎಂಬುದು ವಾದ. ಬಡಾವಣೆಯ ನಿವಾಸಿಗಳು ರಿಟ್ ಅರ್ಜಿ ಹಾಕಿದರು. ನಿಮಗೇನು ಸಂಬಂಧ ಎಂದು ಅವರನ್ನು ಕೇಳಲಾಯಿತು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳಿಗೆ ಕೇಳುವ ಹಕ್ಕಿದೆ ಎಂದೂ, ಸಾರ್ವಜನಿಕರಿಗಾಗಿ ಮೀಸಲಿಟ್ಟ ತೆರೆದ ಜಾಗವನ್ನು ಹೀಗೆ ಖಾಸಗಿಯವರಿಗೆ ಕೊಡಲಾಗದೆಂದೂ ತೀರ್ಪಿತ್ತಿತು. ಮೂರನೆಯ ಕಕ್ಷಿದಾರನಿಗೆ ಕುರ್ಚಿ ಸಿಕ್ಕಿದ ಅಪರೂಪದ ದಿನ ಅದು. ಒಳ್ಳೆಯ ಕೆಲಸಕ್ಕೆಂದು ಪಡೆದ ಜಾಗದ ಮಾತು ಬಂದಾಗ, ನಮ್ಮ ಧರ್ಮಸಭೆಯ ಸಂಸ್ಥೆಗಳಿಗೂ ಇದೇ ಅಳತೆಗೋಲು ಎಂಬುದನ್ನು ಹೇಳದೆ ಮುಂದೆ ಹೋದರೆ ನಾನು ಅಪ್ರಾಮಾಣಿಕನಾಗುತ್ತೇನೆ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಫ್ಲಾಟುಗಳ ಕಟ್ಟಡವೊಂದರ ಅಡಿಗಲ್ಲನ್ನು ಆಶೀರ್ವದಿಸಲು ಬಿಲ್ಡರರೊಬ್ಬರು ಕರೆದರು. ಹೋದೆ, ಪ್ರಾರ್ಥಿಸಿದೆ, ತೀರ್ಥ ಚಿಮುಕಿಸಿದೆ, ಊಟ ಮಾಡಿ ಬಂದೆ. ಕೆಂಪುಮಣ್ಣು ತುಂಬಿಸಿದ ಆ ನೆಲ ಮೊದಲು ಏನಾಗಿತ್ತೆಂದು ಕೇಳುವುದು ನನಗೆ ಹೊಳೆಯಲಿಲ್ಲ. ಅದು ಬೈಲು ಗದ್ದೆ. ಗುಡ್ಡದ ನೀರೆಲ್ಲ ತೋಡಿಗೆ ಹೋಗುತ್ತಿದ್ದುದು ಆ ಗದ್ದೆಯ ಮೇಲಿನಿಂದ. ಮುಂದಿನ ಆಷಾಢದಲ್ಲಿ ಕೆಳಗಿನ ಮನೆಗಳಿಗೆ ನೀರು ನುಗ್ಗಿತು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧೆಯನ್ನು ಮಕ್ಕಳು ಕುರ್ಚಿ ಸಮೇತ ಎತ್ತಿ ಶಾಲೆಗೆ ತಂದಿದ್ದರು. ಪ್ರಸಾದ ಕೊಡಲು ಹೋದಾಗ ಆ ತಾಯಿ ನನ್ನನ್ನು ದೂರಲಿಲ್ಲ. “ಫಾದರ್, ನೀವು ಅಲ್ಲಿ ಪ್ರಾರ್ಥನೆ ಮಾಡುವಾಗ ಮೈಕಿನಲ್ಲಿ ನನಗೂ ಕೇಳುತ್ತಿತ್ತು” ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನನ್ನೊಳಗಿದೆ. ಅಂದಿನಿಂದ ಅಡಿಗಲ್ಲಿನ ಆಶೀರ್ವಾದಕ್ಕೆ ಕರೆದವರಲ್ಲಿ, ನೀರು ಯಾವ ಕಡೆ ಹೋಗುತ್ತದೆ ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಇನ್ನು ಮಾರುವವರ ಮಾತು. ಬಿಲ್ಡರುಗಳ ಕೈಗೆ ಗದ್ದೆ ಆಕಾಶದಿಂದ ಬಿದ್ದದ್ದಲ್ಲ. ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿದ ನಮ್ಮ ಮಕ್ಕಳಿಗೆ ಬೇಸಾಯ ಮಾಡಿಸಲು ಆಳುಗಳಿಲ್ಲ, ಹಡಿಲು ಬಿದ್ದ ಗದ್ದೆಯಿಂದ ಉತ್ಪತ್ತಿಯಿಲ್ಲ, ಅಣ್ಣತಮ್ಮಂದಿರೊಳಗೆ ಪಾಲಾಗಿಲ್ಲ. ಮಾರುವುದೇ ಪಾಪವೆಂದು ನಾನು ಹೇಳಲಾರೆ. ಆದರೆ ‘ವಲಯ ಬದಲಾವಣೆ ನಮ್ಮ ಜವಾಬ್ದಾರಿ, ನೀವು ಸಹಿ ಹಾಕಿದರೆ ಸಾಕು’ ಎಂದು ದಲ್ಲಾಳಿ ಹೇಳಿದಾಗ, ಆ ಸಹಿಯಿಂದ ನಾವು ಮಾರುತ್ತಿರುವುದು ನಮ್ಮ ಗದ್ದೆಯನ್ನು ಮಾತ್ರವಲ್ಲ. ಕೆಳಗಿನ ಮನೆಯವರ ಅಂಗಳದ ಒಣನೆಲವೂ ಆ ಕ್ರಯಪತ್ರದಲ್ಲಿ ಸೇರಿರುತ್ತದೆ. ಅದಕ್ಕೆ ಅವರು ಸಹಿ ಹಾಕಿಲ್ಲ.

ಗೋವೆಯಲ್ಲಿ ವಿಷಯ ಅಲ್ಲಿಗೇ ನಿಲ್ಲಲಿಲ್ಲ. 17(2)ರ ವ್ಯಾಜ್ಯ ನಡೆಯುತ್ತಿರುವಾಗಲೇ, 2024ರಲ್ಲಿ, ಅರ್ಜಿಯ ಮೇಲೆ ವಲಯ ಬದಲಿಸಲು 39ಎ ಎಂಬ ಮತ್ತೊಂದು ಕಲಮನ್ನು ಸೇರಿಸಲಾಯಿತು. ಈ ಬಾರಿ ಸಾರ್ವಜನಿಕರ ಸಲಹೆಗೆ ಮೂವತ್ತು ದಿನಗಳ ಅವಕಾಶವಿತ್ತು. ಇದೂ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮಲ್ಲಿಯೂ 1961ರ ಯೋಜನಾ ಕಾಯ್ದೆಯಡಿ ಭೂಬಳಕೆ ಬದಲಿಸುವಾಗ ಆಕ್ಷೇಪಣೆಗಳನ್ನು ಆಹ್ವಾನಿಸಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತಾರೆ. ಟೆಂಡರ್ ಪ್ರಕಟಣೆಗಳ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ಸರ್ವೆ ನಂಬರು ಮಾತ್ರ ಇರುತ್ತದೆ. ಊರಿನ ಹೆಸರು ಕಂಡರೂ ಯಾರ ಗದ್ದೆಯೆಂದು ತಿಳಿಯುವುದಿಲ್ಲ.

ಕಳೆದ ತಿಂಗಳು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು, ನಿವೃತ್ತ ಗ್ರಾಮ ಲೆಕ್ಕಿಗರು, ಅಂಥದೊಂದು ಪ್ರಕಟಣೆಯನ್ನು ಕತ್ತರಿಸಿಕೊಂಡು ಪೂಜೆಯ ಅನಂತರ ಬಂದರು. ಗ್ರಾಮನಕ್ಷೆಯ ಹಳೆಯ ಪ್ರತಿಯೊಂದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಸರಿಪಡಿಸಿಕೊಂಡು, ಬೆರಳಿನಿಂದ ತೋಡಿನ ಗೆರೆಯನ್ನು ತೋರಿಸಿದರು. “ಫಾದರ್, ಇದು ನಮ್ಮ ಶಾಲೆಯ ಹಿಂದಿನ ಬೈಲು. ಆಕ್ಷೇಪಣೆಗೆ ಇನ್ನು ಒಂಬತ್ತು ದಿನ ಇದೆ” ಎಂದರು. ಆ ಭಾನುವಾರ ಧರ್ಮೋಪದೇಶ ಕಾಲದ ಮಕ್ಕಳು ಹೋದ ಮೇಲೆ ಅದೇ ಕೋಣೆಯಲ್ಲಿ ಹನ್ನೊಂದು ಮನೆಗಳವರು ಕುಳಿತು ಅರ್ಜಿ ಬರೆದರು. ಮಂಗಳವಾರ ಅದು ಪ್ರಾಧಿಕಾರದ ಕಚೇರಿಗೆ ತಲುಪಿತು. ಸ್ವೀಕೃತಿಯ ಮುದ್ರೆಯಿರುವ ಪ್ರತಿ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಉತ್ತರ ಇನ್ನೂ ಬಂದಿಲ್ಲ.