‘ವಯಸ್ಸಾಯಿತು’ ಎಂಬುದು ರೋಗದ ಹೆಸರಲ್ಲ

ಅರವತ್ತು ದಾಟಿದವರ ಎಲ್ಲ ಕಾಯಿಲೆಗಳಿಗೂ ನಮ್ಮಲ್ಲಿ ಒಂದೇ ಹೆಸರು: ‘ವಯಸ್ಸಾಯಿತು’. ಮಂಡಿ ನೋವಿಗೂ ಅದೇ, ಮರೆವಿಗೂ ಅದೇ, ಕಣ್ಣು ಮಂಜಾದರೂ ಅದೇ. ಕಣ್ಣಿನ ವಿಷಯದಲ್ಲಂತೂ ಈ ಮಾತು ಅಪರಾಧವೆಂದೇ ನನ್ನ ವಾದ.

ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟವನು. ಒಂದು ಬೆಳಿಗ್ಗೆ ರಾಜಾಜಿನಗರದ ನಮ್ಮ ಮನೆಯ ಕಿಟಕಿಯ ನೇರ ಸರಳುಗಳು ಬಲಗಣ್ಣಿಗೆ ಡೊಂಕಾಗಿ ಕಂಡವು. ಕನ್ನಡಕದ ಅಂಗಡಿಯವರು ಎರಡು ಬಾರಿ ಗಾಜು ಬದಲಿಸಿದರು. ಪರಿಚಯದ ವೈದ್ಯರೊಬ್ಬರು ಟಾರ್ಚು ಬಿಟ್ಟು ನೋಡಿ, “ವಯಸ್ಸಾಯಿತಲ್ಲ ಮೇಷ್ಟ್ರೇ, ಪೊರೆ ಬರುತ್ತಿದೆ. ಬಲಿಯಲಿ, ಆಮೇಲೆ ತೆಗೆಸೋಣ” ಎಂದರು. ಐದು ತಿಂಗಳು ಕಾದೆ. ಬಲಿತದ್ದು ಬೇರೆಯೇ. ಅಕ್ಷಿಪಟಲದ ನಡುವೆ, ಮ್ಯಾಕ್ಯುಲಾ ಎಂಬ ಪುಟ್ಟ ಭಾಗದ ಅಡಿಯಲ್ಲಿ ಹೊಸ ರಕ್ತನಾಳಗಳು ಹುಟ್ಟಿ, ಸೋರಿ, ಕಲೆಗಟ್ಟಿತ್ತು. ಇಂದು ಬಲಗಣ್ಣಿಗೆ ಮೊಮ್ಮಗಳ ಜಡೆ ಕಾಣುತ್ತದೆ, ಕಿವಿಯೋಲೆ ಕಾಣುತ್ತದೆ, ಮುಖ ಕಾಣುವುದಿಲ್ಲ.

‘ಬಲಿಯಲಿ’ ಎಂಬ ಬುದ್ಧಿವಾದಕ್ಕೊಂದು ಚರಿತ್ರೆಯಿದೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು (1916–2005) ಊರೂರು ತಿರುಗಿ, ಶಿಬಿರ ಹೂಡಿ, ಲಕ್ಷಾಂತರ ಬಡವರ ಪೊರೆ ತೆಗೆದರು. ನಮ್ಮ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಆಸುಪಾಸಿನಲ್ಲಿ ಅವರ ಆಸ್ಪತ್ರೆಯ ಹೆಸರು ಹೊತ್ತ ರಸ್ತೆಯೇ ಇದೆ. ಆ ಮಹನೀಯರಿಗೆ ನಮಸ್ಕಾರ. ಅಂದಿನ ಶಸ್ತ್ರಚಿಕಿತ್ಸಾ ವಿಧಾನಕ್ಕೆ ಪೊರೆ ಬಲಿಯುವುದು ಅನುಕೂಲವಾಗಿತ್ತು. ಇಂದು ಪೊರೆಗೂ ಆ ಕಾಯುವಿಕೆ ಬೇಕಿಲ್ಲ. ಆದರೆ ‘ಮುದುಕರ ಕಣ್ಣೆಂದರೆ ಪೊರೆ, ಪೊರೆಯೆಂದರೆ ಕಾಯುವುದು’ ಎಂಬ ಸೂತ್ರ ಜನಮನದಲ್ಲಿ ಉಳಿದುಬಿಟ್ಟಿದೆ. ಪೊರೆಯಿಂದ ಮುಸುಕಾದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳದು. ಮ್ಯಾಕ್ಯುಲಾ ಕಲೆಗಟ್ಟಿದರೆ ಮರಳದು.

ಉಪಾಯವೇ ಇಲ್ಲದ ರೋಗವಾಗಿದ್ದರೆ ಸುಮ್ಮನಿರುತ್ತಿದ್ದೆ. ಸೋರುವ ಬಗೆಗೆ ಕಣ್ಣಿನೊಳಗೇ ಕೊಡುವ ಚುಚ್ಚುಮದ್ದಿದೆ. ರಾನಿಬಿಜುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2006ರಲ್ಲೇ ಅನುಮತಿ ದೊರೆಯಿತು. ಕರುಳಿನ ಕ್ಯಾನ್ಸರಿಗೆಂದು ಬಂದ ಬೆವಾಸಿಜುಮಾಬ್ ಬಹಳ ಅಗ್ಗ. ದೃಷ್ಟಿ ಕಾಪಾಡುವುದರಲ್ಲಿ ಅದೂ ಸರಿಸಮವೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಇವು ಕಲೆಗಟ್ಟುವ ಮುನ್ನ ಸಿಗಬೇಕು. ನನ್ನ ಎಡಗಣ್ಣಿನದು ಒಣ ಬಗೆ; ನಿಧಾನವಾದದ್ದು. ಮಧ್ಯಮ ಹಂತದವರಿಗೆ ಲ್ಯೂಟೀನ್, ಸತು, ಸಿ ಮತ್ತು ಇ ಜೀವಸತ್ವಗಳಿರುವ ಗುಳಿಗೆ ರೋಗ ಮುಂದುವರಿಯುವ ಸಂಭವವನ್ನು ತಗ್ಗಿಸುತ್ತದೆ. ಧೂಮಪಾನ ಬಿಡುವುದಂತೂ ಎಲ್ಲರಿಗೂ ಹಿತ.

“ಈ ವಯಸ್ಸಿನಲ್ಲಿ ಇನ್ನೇನು ಓದಬೇಕಾಗಿದೆ?” ಎಂದು ಕೇಳುವ ಮಕ್ಕಳಿದ್ದಾರೆ. ಮಾತ್ರೆಯ ಹೆಸರು ಓದಬೇಕು, ಬಸ್ಸಿನ ನಂಬರು ಓದಬೇಕು, ಎದುರು ಬಂದವರು ಯಾರೆಂದು ತಿಳಿಯಬೇಕು. ಇದು ದುರಾಸೆಯೆ?

ಉಚಿತ ತಪಾಸಣಾ ಶಿಬಿರ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೆ: ಪೊರೆ ಎಣಿಸಿ ಕಳುಹಿಸಬೇಡಿ, ಹನಿ ಹಾಕಿ ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗವನ್ನೂ ನೋಡಿ. ಓದುಗ ಮಿತ್ರರೆ, ನೀವೂ ಮೊಮ್ಮಕ್ಕಳ ಚೌಕಳಿ ಪುಸ್ತಕದಿಂದ ಒಂದು ಹಾಳೆ ಕೇಳಿ ಪಡೆಯಿರಿ. ನಡುವೆ ಚುಕ್ಕೆಯಿಡಿ. ಓದುವ ಕನ್ನಡಕ ಧರಿಸಿ, ಓದುವ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ದಿಟ್ಟಿಸಿ. ಆಮೇಲೆ ಇನ್ನೊಂದು ಕಣ್ಣು. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಆಮ್ಸ್ಲರ್ ಹೇಳಿಕೊಟ್ಟ ಪರೀಕ್ಷೆಯಿದು. ಗೆರೆ ಹೊಸದಾಗಿ ಬಾಗಿದರೆ, ಚೌಕ ಮಾಯವಾದರೆ, ತಡಮಾಡದೆ ಅಕ್ಷಿಪಟಲ ತಜ್ಞರಲ್ಲಿಗೆ ಹೋಗಿ. ಗೆರೆ ನೇರವಾಗಿದ್ದರೂ ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸಬೇಡಿ. ಗ್ಲಾಕೋಮಾ ಈ ಹಾಳೆಗೆ ಸಿಗುವುದಿಲ್ಲ.

ಬರಿಯ ಉತ್ತರ ಬರೆದು ತಂದ ಹುಡುಗನಿಗೆ ನಾನು ಅಂಕ ಕೊಡುತ್ತಿರಲಿಲ್ಲ. “ಲೆಕ್ಕದ ಕ್ರಮ ತೋರಿಸು” ಎನ್ನುತ್ತಿದ್ದೆ. ‘ವಯಸ್ಸಾಯಿತು’ ಎಂದವರನ್ನೂ ಹಾಗೆಯೇ ಕೇಳಿ. ಐದು ತಿಂಗಳು ನಾನು ಕೇಳದೆ ಉಳಿದ ಪ್ರಶ್ನೆ ಅದು.