ಬ್ಲೂಸ್‌ನವನಿಗೆ ಹಿಟ್ ಹಾಡು ಅಂದ್ರೆ ಯಾವುದು?

ನಮ್ಮಲ್ಲಿ ಒಂದು ಹಾಡು ಹಿಟ್ಟೋ ಫ್ಲಾಪೋ ಅಂತ ತೀರ್ಮಾನ ಮಾಡೋಕೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಚಿತ್ರ ನೂರು ದಿನ ಓಡಿತೋ, ಹಾಡೂ ಹಿಟ್. ಚಿತ್ರ ಮೂರೇ ದಿನಕ್ಕೆ ಡಬ್ಬ ಸೇರಿದರೂ ಹಾಡು ಮಾತ್ರ ಹೋಟೆಲಿನಲ್ಲಿ, ಮದುವೆ ಮನೆ ಮೈಕಿನಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಮೊಳಗ್ತಾ ಇದೆಯೋ, ಆಗಲೂ ಹಿಟ್. ನೈಟ್ ಬಸ್ಸಿನ ಡ್ರೈವರ್ ಯಾವ ಹಾಡನ್ನ ಎರಡನೇ ಸಲ ಹಾಕಿದ ಅನ್ನೋದೇ ನಮ್ಮ ಲೆಕ್ಕದ ಪುಸ್ತಕ!

ಹಿಂದೊಮ್ಮೆ ಈ ಪುಟದಲ್ಲಿ ಬಿ.ಬಿ. ಕಿಂಗ್ ಹೆಸರನ್ನ ಒಂದೇ ಸಾಲಿನಲ್ಲಿ ಎತ್ತಿ ಬಿಟ್ಟಿದ್ದೆ. ಅದಕ್ಕೊಬ್ಬ ಓದುಗ ಮಿತ್ರರು ಕಾರ್ಡು ಗೀಚಿದ್ದಾರೆ. ಈ ಬ್ಲೂಸ್‌ನವರ ಹಾಡು ಅಮೆರಿಕದ ಟಾಪ್ ಟೆನ್ನಿನಲ್ಲಿ ಕಾಣೋದೇ ಇಲ್ಲ, ಹಾಗಿದ್ದ ಮೇಲೆ ಅವರನ್ನ ದೊಡ್ಡವರು ಅನ್ನೋದು ಯಾವ ಲೆಕ್ಕದಲ್ಲಿ ಸ್ವಾಮೀ, ಅಂತ. ಪ್ರಶ್ನೆ ಖಾರವಾಗಿದೆ, ಆದರೆ ನ್ಯಾಯವಾಗಿದೆ. ಈ ವಾರ ಗಾಂಧಿನಗರದ ಗಾಳಿಸುದ್ದಿಗೆಲ್ಲ ರಜ. ಇದಕ್ಕೇ ಉತ್ತರ ಬರೀತೀನಿ.

ಮೊದಲು ಈ ಟಾಪ್ ಟೆನ್ ಅನ್ನೋ ಪಟ್ಟಿಯ ಜಾತಕ ನೋಡಿ. ಅಮೆರಿಕದಲ್ಲಿ 'ಬಿಲ್‌ಬೋರ್ಡ್' ಅನ್ನೋ ವಾರಪತ್ರಿಕೆ ಎಷ್ಟು ಪ್ಲೇಟು ಮಾರಾಟ ಆಯ್ತು, ಜೂಕ್ ಬಾಕ್ಸಿನಲ್ಲಿ ಯಾವುದು ಎಷ್ಟು ಸಲ ತಿರುಗಿತು ಅಂತ ಲೆಕ್ಕ ಹಾಕಿ ಪಟ್ಟಿ ಮಾಡ್ತಿತ್ತು. ಕರಿಯರ ಹಾಡುಗಳಿಗೆ ಮಾತ್ರ ಬೇರೆ ಪಟ್ಟಿ! 1942ರಲ್ಲಿ ಅದರ ಹೆಸರು 'ಹಾರ್ಲೆಮ್ ಹಿಟ್ ಪೆರೇಡ್'. 1945ರಲ್ಲಿ 'ರೇಸ್ ರೆಕಾರ್ಡ್ಸ್' ಆಯ್ತು, ಅಂದರೆ ಜನಾಂಗದ ಪ್ಲೇಟು. 1949ರಲ್ಲಿ ಜೆರ‍್ರಿ ವೆಕ್ಸ್‌ಲರ್ ಅನ್ನೋ ಪತ್ರಕರ್ತ ಸೂಚಿಸಿದ 'ರಿದಮ್ ಅಂಡ್ ಬ್ಲೂಸ್' ಅನ್ನೋ ಹೆಸರು ನಿಂತಿತು. ಹೆಸರೇನೋ ಮರ್ಯಾದೆಯದ್ದಾಯ್ತು, ಪಂಕ್ತಿ ಮಾತ್ರ ಬೇರೆಯೇ ಉಳೀತು. ಹಾಗಾಗಿ ಒಬ್ಬ ಬ್ಲೂಸ್ ಗಾಯಕ ತನ್ನ ಪಟ್ಟಿಯಲ್ಲಿ ನಂಬರ್ ಒನ್ ಆಗಿದ್ದ ವಾರವೇ ಪಕ್ಕದ ಬೀದಿಯ ಬಿಳಿಯ ಹುಡುಗನಿಗೆ ಆತ ಯಾರು ಅಂತಲೇ ಗೊತ್ತಿರ್ತಿರಲಿಲ್ಲ.

ಹಾಗಂತ ಬ್ಲೂಸ್ ಮಾರಾಟವೇ ಆಗ್ತಿರಲಿಲ್ಲ ಅಂತಲ್ಲ. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಎಷ್ಟು ಮಾರಾಟ ಆಯ್ತು ಅಂದ್ರೆ, ಕರಿಯರೂ ದುಡ್ಡು ಕೊಟ್ಟು ಪ್ಲೇಟು ಕೊಳ್ತಾರೆ ಅನ್ನೋದು ಕಂಪನಿಗಳಿಗೆ ಹೊಳೆದದ್ದೇ ಆವಾಗ. 1948ರಲ್ಲಿ ಷಿಕಾಗೋದಲ್ಲಿ ಮಡ್ಡಿ ವಾಟರ್ಸ್ ಅನ್ನೋನ 'ಐ ಕಾಂಟ್ ಬಿ ಸ್ಯಾಟಿಸ್‌ಫೈಡ್' ಬಿಡುಗಡೆ ಆದಾಗ ಮೊದಲ ಕಂತಿನ ಪ್ಲೇಟುಗಳು ನೋಡ್ತಾ ನೋಡ್ತಾ ಖಾಲಿ. ತನ್ನ ಹಾಡಿನ ಪ್ಲೇಟು ಕೊಳ್ಳೋಕೆ ಅಂಗಡಿಯಲ್ಲಿ ಆತನೇ ಪರದಾಡಬೇಕಾಯ್ತಂತೆ! ಬ್ಲಾಕಿನಲ್ಲಿ ಟಿಕೆಟ್ ಕೊಂಡು ತನ್ನ ಚಿತ್ರವನ್ನೇ ನೋಡಿದ ಹೀರೋ ನೆನಪಾಗ್ತಾನೆ, ಅಲ್ವಾ?

ಈಗ ಬಿ.ಬಿ. ಕಿಂಗ್ ವಿಷಯಕ್ಕೆ ಬರೋಣ. ಹುಟ್ಟಿದ್ದು 1925ರಲ್ಲಿ, ಮಿಸಿಸಿಪ್ಪಿಯ ಹತ್ತಿ ಹೊಲಗಳ ಸೀಮೆಯಲ್ಲಿ. ಮೆಂಫಿಸ್ ಊರಿನ ರೇಡಿಯೋ ಸ್ಟೇಷನ್ನಿನಲ್ಲಿ 'ಪೆಪ್ಟಿಕಾನ್' ಅನ್ನೋ ಟಾನಿಕ್ಕಿನ ಜಾಹೀರಾತು ಹಾಡ್ತಾ ಹೆಸರು ಮಾಡಿದ. ಲ್ಯೂಸಿಲ್ ಕಥೆ ನಿಮಗೆ ಗೊತ್ತಿರಬಹುದು. 1949ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಅನ್ನೋ ಹಳ್ಳಿಯಲ್ಲಿ ಹಾಡ್ತಿದ್ದಾಗ ಇಬ್ಬರು ಗಂಡಸರು ಕೈ ಕೈ ಮಿಲಾಯಿಸಿ, ಚಳಿ ಕಾಯಿಸೋಕೆ ಇಟ್ಟಿದ್ದ ಸೀಮೆಣ್ಣೆ ಉರುಳಿ ಬಿದ್ದು ಕಟ್ಟಡಕ್ಕೇ ಬೆಂಕಿ. ಹೊರಗೆ ಓಡಿ ಬಂದ ಕಿಂಗ್ ಗಿಟಾರ್ ಒಳಗೇ ಉಳೀತು ಅಂತ ಮತ್ತೆ ಬೆಂಕಿಗೆ ನುಗ್ಗಿ ತಂದ. ಜಗಳ ಯಾಕೆ ಅಂತ ವಿಚಾರಿಸಿದರೆ ಲ್ಯೂಸಿಲ್ ಅನ್ನೋ ಹೆಣ್ಣಿಗಾಗಿ! ಇನ್ನು ಇಂಥ ಹುಚ್ಚುತನ ಮಾಡಬಾರದು ಅಂತ ನೆನಪಿರಲಿಕ್ಕೆ ಗಿಟಾರಿಗೇ ಆ ಹೆಸರಿಟ್ಟ. ನಮ್ಮ ಕಥೆಗಾರರಿಗೆ ಇದು ಸಿಕ್ಕಿದ್ರೆ ಇಂಟರ್‌ವಲ್ ಸೀನ್ ಆಗೋದು.

ಆತನ ಮೊದಲ ದೊಡ್ಡ ಹಿಟ್ 'ತ್ರೀ ಓ ಕ್ಲಾಕ್ ಬ್ಲೂಸ್'. ಮೆಂಫಿಸ್ಸಿನ ವೈ.ಎಂ.ಸಿ.ಎ. ಕಟ್ಟಡದ ಕೋಣೆಯೊಂದರಲ್ಲಿ ರೆಕಾರ್ಡಾಗಿ, 1952ರಲ್ಲಿ ಕರಿಯರ ಪಟ್ಟಿಯಲ್ಲಿ ಐದು ವಾರ ನಂಬರ್ ಒನ್. ಬಿಳಿಯರ ಪಟ್ಟಿಯಲ್ಲಿ? ಸೊನ್ನೆ. ಅಲ್ಲಿಂದಾಚೆಗೆ ಆತ ಬದುಕಿದ್ದು ಬಸ್ಸಿನಲ್ಲಿ. 1956 ಒಂದೇ ವರ್ಷದಲ್ಲಿ 342 ಪ್ರದರ್ಶನ, ಗೆಳೆಯರೇ! ವರ್ಷಕ್ಕೆ 24 ದಿನ ರಜ. ಯಾವ ಕಾರ್ಖಾನೆಯಲ್ಲೂ ಇಷ್ಟು ಕಮ್ಮಿ ರಜ ಇಲ್ಲ. ಪ್ಲೇಟಿನ ದುಡ್ಡು ನಂಬಿಕೊಂಡು ಕೂರೋ ಹಾಗಿರಲಿಲ್ಲ. ಕಾರಣವೂ ಇತ್ತು. ಆತನ ಎಷ್ಟೋ ಹಾಡುಗಳ ಲೇಬಲ್ಲಿನ ಮೇಲೆ 'ಟಾಬ್', 'ಲಿಂಗ್', 'ಜೋಸಿಯಾ' ಅಂತ ಜೊತೆ ಬರಹಗಾರರ ಹೆಸರು ಇರ್ತಿದ್ದವು. ಅಂಥ ಮನುಷ್ಯರೇ ಇರಲಿಲ್ಲ! ಕಂಪನಿಯ ಮಾಲೀಕರೇ ಸುಳ್ಳು ಹೆಸರಿನಲ್ಲಿ ಪಾಲು ಬರೆದುಕೊಂಡಿದ್ದು.

ಕಾಲ ಬದಲಾಯ್ತು. ಅರವತ್ತರ ದಶಕದಲ್ಲಿ ಕರಿಯ ಹುಡುಗರಿಗೇ ಬ್ಲೂಸ್ ಬೇಡವಾಯ್ತು. ಇದು ಅಜ್ಜಂದಿರ ಹಾಡು, ಹತ್ತಿ ಹೊಲದ ಅವಮಾನದ ಹಾಡು ಅಂತ ಮೂಗು ಮುರಿದರು. ಅವರನ್ನ ಬಯ್ಯೋಕೆ ನನಗೆ ಮನಸ್ಸು ಬರೋಲ್ಲ, ಅವರಿಗೆ ಬೇಕಾಗಿದ್ದು ಬೇರೆ ಬದುಕು. ಆದರೆ ತನ್ನವರೇ ಕೂಗಿ ಕೆಳಗಿಳಿಸೋ ರಾತ್ರಿಗಳನ್ನ ಒಬ್ಬ ಗಾಯಕ ಹೇಗೆ ನುಂಗಿದನೋ! ಅದೇ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರಿನಲ್ಲಿ ಉದ್ದ ಕೂದಲಿನ ಬಿಳಿ ಹುಡುಗರು, ಆತ ಇನ್ನೂ ಒಂದು ಸ್ವರ ನುಡಿಸೋ ಮೊದಲೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಿಂಗ್ ಕಣ್ಣಲ್ಲಿ ನೀರು.

ಆಮೇಲೆ ಬಂತು 'ದ ಥ್ರಿಲ್ ಈಸ್ ಗಾನ್'. ಇದು ಆತನದಲ್ಲ, ರಾಯ್ ಹಾಕಿನ್ಸ್ ಅನ್ನೋನು 1951ರಲ್ಲೇ ಹಾಡಿದ್ದ ಹಾಡು. ಕಿಂಗ್ ಅದನ್ನ ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದ. 1969ರಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಮಾಡಿದ ಮೇಲೆ ನಿರ್ಮಾಪಕ ಬಿಲ್ ಸಿಮ್‌ಜಿಕ್‌ಗೆ ಒಂದು ಹುಚ್ಚು ಹತ್ತಿತು. ಇದರ ಹಿಂದೆ ಪಿಟೀಲುಗಳು ಇದ್ದರೆ ಹೇಗೆ? ಬ್ಲೂಸಿಗೆ ಪಿಟೀಲು ಮೇಳ ಅಂದ್ರೆ ನಮ್ಮ ಲಾವಣಿಗೆ ಆರ್ಗನ್ ಕಟ್ಟಿದ ಹಾಗೆ! ಕಿಂಗ್ ಒಪ್ಪಿದ. 1970ರಲ್ಲಿ ಹಾಡು ಎಲ್ಲರ ಪಟ್ಟಿಯಲ್ಲಿ, ಅಂದರೆ 'ಹಾಟ್ ಹಂಡ್ರೆಡ್'ನಲ್ಲಿ, 15ನೇ ಸ್ಥಾನಕ್ಕೆ ಏರಿತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿ. ಆತನಿಗಾಗಲೇ ನಲವತ್ತೈದರ ವಯಸ್ಸು.

ಹದಿನೈದನೇ ಸ್ಥಾನ! ಇದೊಂದು ಹಿಟ್ಟಾ ಅಂತ ನೀವು ನಗಬಹುದು. ಆದರೆ ಅಪ್ಪಟ ಬ್ಲೂಸ್ ಗಾಯಕನಿಗೆ ಆ ಪಟ್ಟಿಯಲ್ಲಿ ಹದಿನೈದು ಅಂದ್ರೆ ಬೇರೆಯವರ ಒಂದಕ್ಕೆ ಸಮ. 2015ರಲ್ಲಿ ತೀರಿಕೊಂಡ ಕಿಂಗ್ ಕೊನೆಯ ವರ್ಷಗಳವರೆಗೂ ಆ ಹಾಡು ಹಾಡದೆ ಜನ ಬಿಡಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಬ್ಲೂಸ್ ಹಾಡುಗಳ ಅಸ್ಥಿಪಂಜರ ಬಹುಪಾಲು ಒಂದೇ. ಹನ್ನೆರಡು ಬಾರ್, ಮೂರು ಕಾರ್ಡ್. ಮೊದಲ ಸಾಲನ್ನ ಎರಡು ಸಲ ಹೇಳ್ತಾನೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡ್ತಾನೆ. ಎರಡನೇ ಸಲ ಹೇಳೋವಾಗ ಕೇಳೋನಿಗೆ ಕಾತರ, ಮುಂದೇನು ಅಂತ. ಅಷ್ಟೇ! ಹೊಸ ರಾಗ ಇಲ್ಲ, ಊಟಿಯ ಗುಡ್ಡ ಇಲ್ಲ, ಮರ ಸುತ್ತೋ ನಾಯಕಿ ಇಲ್ಲ. ಹೇಳೋ ದನಿಯಲ್ಲೇ ಎಲ್ಲ. ಅದಕ್ಕೇ ಒಂದೇ ಹಾಡು ಹತ್ತು ಜನರ ಕೈ ದಾಟುತ್ತೆ. ಹತ್ತನೆಯವನ ಕೈಯಲ್ಲಿ ಹಿಟ್ಟಾದಾಗ ದುಡ್ಡು ಯಾರಿಗೆ? ಕಥೆ ಕಹಿಯಾಗೋದು ಇಲ್ಲೇ.

ಬಿಗ್ ಮಾಮಾ ಥಾರ್ನ್‌ಟನ್. ಹೆಸರಿಗೆ ತಕ್ಕ ಆಳು, ಹೆಸರಿಗೆ ತಕ್ಕ ಗಂಟಲು. 1952ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ 'ಹೌಂಡ್ ಡಾಗ್' ಹಾಡಿದಳು. ಬರೆದವರು ಲೀಬರ್ ಮತ್ತು ಸ್ಟಾಲರ್ ಅನ್ನೋ ಹತ್ತೊಂಬತ್ತರ ಇಬ್ಬರು ಬಿಳಿ ಹುಡುಗರು. ಮನೆಗೆ ಬಂದು ಬಿಟ್ಟಿ ತಿಂದು ಮೋಸ ಮಾಡೋ ಗಂಡಸಿಗೆ ಹೆಂಗಸು ಬಾಗಿಲು ತೋರಿಸೋ ಹಾಡು ಅದು. ಆಕೆ ಗುಡುಗಿದ ರೀತಿಗೆ ಕೇಳ್ತಾ ಕೂತ ನನಗೇ ತಪ್ಪು ಮಾಡಿದವನ ಹಾಗೆ ಬೆವರು! 1953ರಲ್ಲಿ ಕರಿಯರ ಪಟ್ಟಿಯಲ್ಲಿ ಏಳು ವಾರ ನಂಬರ್ ಒನ್. ಆಕೆಯೇ ಹೇಳಿಕೊಂಡ ಪ್ರಕಾರ ಕೈಗೆ ಬಂದದ್ದು 500 ಡಾಲರಿನ ಒಂದು ಚೆಕ್. ಅಷ್ಟೇ.

ಮೂರು ವರ್ಷ ಕಳೆದು 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಅದೇ ಹಾಡು ಹಾಡಿದ. ಅದೂ ಈಕೆಯಿಂದ ಕಲಿತದ್ದಲ್ಲ. ಲಾಸ್ ವೇಗಸ್ಸಿನಲ್ಲಿ ಫ್ರೆಡ್ಡಿ ಬೆಲ್‌ನ ತಂಡ ಮಾತುಗಳನ್ನ ಬದಲಿಸಿ ತಮಾಷೆ ಮಾಡಿ ಹಾಡ್ತಿದ್ದದ್ದನ್ನ ನೋಡಿ ಎತ್ತಿಕೊಂಡದ್ದು. ಹೆಂಗಸಿನ ಸಿಟ್ಟು ಹೋಯ್ತು, ನಿಜವಾದ ನಾಯಿ ಬಂತು! ಪ್ಲೇಟಿನ ಎರಡು ಮುಖವೂ ಸೇರಿ ಹನ್ನೊಂದು ವಾರ ದೇಶಕ್ಕೇ ನಂಬರ್ ಒನ್. ಹಾಡು ಬರೆದವರಿಗೆ ಕಾನೂನು ಪ್ರಕಾರ ರಾಯಲ್ಟಿ ಉಂಟು. ಮೊದಲು ಹಾಡಿ ಅದಕ್ಕೆ ಜೀವ ಕೊಟ್ಟವಳಿಗೆ ಇಲ್ಲ. ಎಲ್ವಿಸ್‌ನನ್ನ ಕಳ್ಳ ಅನ್ನೋದು ಸುಲಭ, ನಾನು ಅನ್ನೋಲ್ಲ. ಆತನ ಹಾಡನ್ನೂ ನಾನು ಕುಣಿದು ಕೇಳಿದವನೇ. ಆದರೆ ಲೆಕ್ಕದ ಪುಸ್ತಕವೇ ಓರೆಯಾಗಿತ್ತು. 1954ರಲ್ಲಿ ಎಲ್ವಿಸ್ ಮೊದಲ ಸಲ ಹೆಸರು ಮಾಡಿದ 'ದಟ್ಸ್ ಆಲ್ ರೈಟ್' ಆರ್ಥರ್ ಕ್ರಡಪ್ ಬರೆದು ಹಾಡಿದ್ದು. ಬರೆದವನೇ ಆಗಿದ್ದರೂ ಆತನ ಕೈಗೂ ಸೇರಬೇಕಾದ್ದು ಸೇರಲಿಲ್ಲ, 1974ರಲ್ಲಿ ಬಡವನಾಗಿಯೇ ಸತ್ತ. ಥಾರ್ನ್‌ಟನ್ 1984ರಲ್ಲಿ ಲಾಸ್ ಏಂಜಲೀಸಿನ ಒಂದು ಬಾಡಿಗೆ ಕೋಣೆಗಳ ಮನೆಯಲ್ಲಿ ತೀರಿಕೊಂಡಳು.

ಹೋರಾಡಿ ಗೆದ್ದವರೂ ಇದ್ದಾರೆ. ಷಿಕಾಗೋದ ವಿಲ್ಲಿ ಡಿಕ್ಸನ್, ಬ್ಲೂಸಿನ ಚಿ. ಉದಯಶಂಕರ್ ಅನ್ನಿ. ಹಿಟ್ ಬೇಕಾದವರಿಗೆಲ್ಲ ಬರೆದು ಕೊಟ್ಟವನು. ಲೆಡ್ ಜೆಪ್ಲಿನ್ ತಂಡದ 'ಹೋಲ್ ಲಾಟಾ ಲವ್' ತನ್ನ ಹಾಡಿನಿಂದ ಎತ್ತಿದ್ದು ಅಂತ 1985ರಲ್ಲಿ ಕೋರ್ಟಿಗೆ ಹೋದ. 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಗಿ ದುಡ್ಡು ಬಂತು.

ಸರಿ, ಪಟ್ಟಿಯೂ ಓರೆ, ದುಡ್ಡೂ ಓರೆ. ಮತ್ತೆ ಯಾವುದು ಹಿಟ್? ಮಡ್ಡಿ ವಾಟರ್ಸ್‌ನ 'ಗಾಟ್ ಮೈ ಮೋಜೋ ವರ್ಕಿಂಗ್' ನೋಡಿ. 1957ರಲ್ಲಿ ಪ್ಲೇಟು ಬಂತು. ಕರಿಯರ ಪಟ್ಟಿಗಾಗಲಿ ಬಿಳಿಯರ ಪಟ್ಟಿಗಾಗಲಿ ಏರಲಿಲ್ಲ. ನಮ್ಮ ಭಾಷೆಯಲ್ಲಿ ಶುದ್ಧ ತೋಪು. ಆದರೆ ಆತ ಅದನ್ನ ಬಿಡಲಿಲ್ಲ, ಕ್ಲಬ್ಬುಗಳಲ್ಲಿ ಹಾಡ್ತಾನೇ ಹೋದ. 1960ರ ಜುಲೈ, ನ್ಯೂಪೋರ್ಟ್ ಜಾಝ್ ಉತ್ಸವ. ಶನಿವಾರ ರಾತ್ರಿ ಒಳಗೆ ಜಾಗ ಸಿಗದ ಕುಡುಕ ಹುಡುಗರು ಊರಿನಲ್ಲಿ ದೊಂಬಿ ಎಬ್ಬಿಸಿ, ಉತ್ಸವವೇ ರದ್ದು ಅನ್ನೋ ಸ್ಥಿತಿ. ಭಾನುವಾರ ಮಧ್ಯಾಹ್ನದ ಬ್ಲೂಸ್ ಮಾತ್ರ ನಡೀಲಿ ಅಂತ ಬಿಟ್ಟರು. ಮಡ್ಡಿ ಈ ಹಾಡು ಎತ್ತಿಕೊಂಡ. ಜೇಮ್ಸ್ ಕಾಟನ್ ಮೌತ್ ಆರ್ಗನ್ ಊದ್ತಾ ಇದ್ದರೆ ಆತನನ್ನೇ ಹಿಡಿದು ಮಡ್ಡಿ ವೇದಿಕೆ ಮೇಲೆ ಕುಣಿದ. ಜನ ಬಿಡಲಿಲ್ಲ, ಒನ್ಸ್ ಮೋರ್! ಮತ್ತೆ ಅದೇ ಹಾಡು. ಅದರ ಫಿಲ್ಮ್ ಇದೆ, ಇವತ್ತು ನಿಮ್ಮ ಮೊಬೈಲಿನಲ್ಲೇ ಸಿಗುತ್ತೆ, ನೋಡದೆ ಮಲಗಬೇಡಿ. ಅಲ್ಲಿಂದ ಮುಂದೆ ಆ 'ತೋಪು' ಹಾಡಿಲ್ಲದೆ ಮಡ್ಡಿಯ ಕಚೇರಿ ಮುಗಿಯೋದೇ ಅಪರೂಪವಾಯ್ತು. ಊರೂರಿನ ಬ್ಯಾಂಡುಗಳು ಕಲಿತದ್ದೂ ಅದನ್ನೇ. 1950ರಲ್ಲಿ ಆತ ಹಾಡಿದ 'ರೋಲಿನ್ ಸ್ಟೋನ್'ನಿಂದ ಹೆಸರು ಎರವಲು ಪಡೆದ ಲಂಡನ್ ಹುಡುಗರ ತಂಡ ಜಗತ್ತನ್ನೇ ಗೆದ್ದಿತು.

ಮಿತ್ರರೇ, ನನ್ನ ಲೆಕ್ಕ ಇಷ್ಟು. ಹಾಡೋನು ಬೇಡ ಅಂದ್ರೂ ಎದುರಿಗೆ ಕೂತವರು ಕೇಳದೆ ಬಿಡದ ಹಾಡು, ಇನ್ನೊಬ್ಬ ಗಾಯಕ ತನ್ನದು ಅಂತ ಎತ್ತಿಕೊಳ್ಳದೆ ಇರಲಾರದ ಹಾಡು, ಅದು ಬ್ಲೂಸ್‌ನವನ ಹಿಟ್. ಆದರೆ ಇದನ್ನ ನಾನು ಮೇಜಿನ ಮುಂದೆ ಕೂತು ಬರೆಯೋದು ಸುಲಭ. ಥಾರ್ನ್‌ಟನ್ ಎದುರಿಗೆ ನಿಂತು ಹೇಳೋ ಧೈರ್ಯ ನನಗಿಲ್ಲ. ಗೌರವದಿಂದ ಬಾಡಿಗೆ ಕಟ್ಟೋಕಾಗಲ್ಲ ಕಣಯ್ಯಾ ಅಂದಾಳು.

ರಾಬರ್ಟ್ ಜಾನ್ಸನ್ ವಿಷಯ ಇನ್ನೂ ವಿಚಿತ್ರ. 1936 ಮತ್ತು 37ರಲ್ಲಿ ಟೆಕ್ಸಾಸಿನಲ್ಲಿ 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ ಇಪ್ಪತ್ತೇಳರ ಹರೆಯದಲ್ಲಿ ಸತ್ತ. ಬದುಕಿದ್ದಾಗ ಸ್ವಲ್ಪವಾದರೂ ಓಡಿದ್ದು 'ಟೆರಾಪ್ಲೇನ್ ಬ್ಲೂಸ್', ಒಂದು ಕಾರಿನ ಹೆಸರಿಟ್ಟುಕೊಂಡ ಹಾಡು. ಅದೂ ಕೆಲವೇ ಸಾವಿರ ಪ್ಲೇಟು. 1990ರಲ್ಲಿ ಆತನ ಎಲ್ಲ ಹಾಡುಗಳ ಪೆಟ್ಟಿಗೆ ಬಿಡುಗಡೆ ಆದಾಗ ಹತ್ತು ಲಕ್ಷಕ್ಕೂ ಮೇಲೆ ಮಾರಾಟ! ಐವತ್ತೆರಡು ವರ್ಷ ತಡವಾಗಿ ಬಂದ ಸಿಲ್ವರ್ ಜೂಬಿಲಿ.

ಕೊನೆಗೆ ನಮ್ಮ ಹತ್ತಿರದ ಒಂದು ಸುದ್ದಿ. ಬಡ್ಡಿ ಗೈ ಅನ್ನೋ ಗಿಟಾರ್ ಮಾಂತ್ರಿಕ ಹುಟ್ಟಿದ್ದು 1936ರಲ್ಲಿ. ಕರಿಯರ ಪಟ್ಟಿಯಲ್ಲಿ ಆತನ ಹೆಸರು ಕಂಡದ್ದು ಒಂದೇ ಒಂದು ಹಾಡಿಗೆ, 1962ರ 'ಸ್ಟೋನ್ ಕ್ರೇಜಿ', ಅದೂ 12ನೇ ಸ್ಥಾನ. ಹೊಟ್ಟೆಪಾಡಿಗೆ ಹಗಲು ಕೆಟ್ಟು ನಿಂತ ಗಾಡಿ ಎಳೆಯೋ ಟ್ರಕ್ ಓಡಿಸಿ ರಾತ್ರಿ ಗಿಟಾರ್ ನುಡಿಸಿದವನು. 2011ರ ಫೆಬ್ರವರಿಯಲ್ಲಿ ಆತ ಮುಂಬಯಿಗೆ ಬಂದ. ನುಡಿಸಿದ್ದು ಎಲ್ಲಿ ಗೊತ್ತಾ? ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ! 'ಮದರ್ ಇಂಡಿಯಾ' ತೆಗೆದ ಮೆಹಬೂಬ್ ಖಾನ್ ಕಟ್ಟಿಸಿದ ಸ್ಟುಡಿಯೋ. ಎಷ್ಟೋ ಹಿಟ್ ಹಾಡುಗಳ ಷೂಟಿಂಗ್ ಆದ ಫ್ಲೋರಿನ ಮೇಲೆ, ಹಿಟ್ಟೇ ಇಲ್ಲದ ಎಪ್ಪತ್ತನಾಲ್ಕರ ಮುದುಕ ಪೋಲ್ಕಾ ಚುಕ್ಕೆಯ ಗಿಟಾರಿನವನು. ಅವನಿಗಾಗಿ ಟಿಕೆಟ್ ಕೊಂಡು ಬಂದವರಲ್ಲಿ ಬೆಂಗಳೂರಿನ ರೈಲು ಹತ್ತಿ ಹೋದ ಹುಡುಗರೂ ಇದ್ದರು.

ಕಾರ್ಡು ಬರೆದ ಮಿತ್ರರಿಗೆ ಒಂದು ಕೆಲಸ ಕೊಡ್ತೀನಿ. ಥಾರ್ನ್‌ಟನ್ ಹಾಡಿದ 'ಹೌಂಡ್ ಡಾಗ್' ಮೊದಲು ಕೇಳಿ, ಎಲ್ವಿಸ್ ಹಾಡಿದ್ದನ್ನ ಆಮೇಲೆ ಕೇಳಿ, ಇದೇ ಕ್ರಮದಲ್ಲಿ. ಯಾವುದು ಎರಡನೇ ಸಲ ಹಾಕಿದಿರಿ ಅಂತ ಇನ್ನೊಂದು ಕಾರ್ಡು ಹಾಕಿ.